ಎರಡು ಖಾನೆಯ ಲಾರಿ

ಮನೆಯಿಂದ,
ಶನಿವಾರ, ಇಪ್ಪತ್ತೊಂದನೆಯ ತಾರೀಖು

ಪ್ರೀತಿಯ ಇವಳೇ,

ಎದುರಿಗಿದ್ದಾಗ ‘ಏನೇ’ ಅಂದರೆ ಸಾಕಿತ್ತು, ನೀನು ಯಾವ ಕೋಣೆಯಲ್ಲಿದ್ದರೂ ತಿರುಗಿ ನೋಡುತ್ತಿದ್ದೆ. ಕಾಗದದಲ್ಲಿ ನಿನ್ನನ್ನು ಹೇಗೆ ಕರೆಯಬೇಕೆಂದು ಯೋಚಿಸುತ್ತಾ ಕುಳಿತು ಒಂದು ಹಾಳೆ ಆಗಲೇ ಹಾಳಾಯಿತು. ಮದುವೆಯಾದ ಹೊಸದರಲ್ಲಿ ನಿನಗೆ ಏನೇನೋ ಬರೆಯುತ್ತಿದ್ದೆ. ಅವನ್ನೆಲ್ಲ ಈ ವಯಸ್ಸಿನಲ್ಲಿ ಬರೆದು, ಕಾಗದ ಮೊದಲು ಅಳಿಯನ ಕೈಗೆ ಸಿಕ್ಕಿತೆಂದರೆ ಇದ್ದ ಚೂರುಪಾರು ಮಾನವೂ ಹೋದೀತು. ಅದಿರಲಿ, ನೀನು ಹೇಗಿದ್ದೀಯ? ಹೊಸ ಜಾಗದಲ್ಲಿ ನಿನಗೆ ನಿದ್ದೆ ಹತ್ತುವುದಿಲ್ಲ ಎಂದು ನನಗೆ ಗೊತ್ತು. ಬಿಪಿ ಮಾತ್ರೆಯನ್ನು ‘ಆಮೇಲೆ ತಗೋತೀನಿ’ ಎಂದು ಮುಂದೂಡಿ ಮರೆಯಬೇಡ. ಮಗಳ ಕಾಲಿನ ಊತ ಇಳಿಯಿತೇ? ಡಾಕ್ಟರು ಎದ್ದು ಓಡಾಡಬಾರದು ಎಂದ ಮೇಲೆ ಓಡಾಡಬಾರದು, ಅಷ್ಟೇ. ಅವಳು ಚಿಕ್ಕಂದಿನಿಂದಲೂ ಕೂತಲ್ಲಿ ಕೂರುವವಳಲ್ಲ. ಮಂಚದ ಪಕ್ಕದಲ್ಲೇ ಕಾವಲು ಕೂತುಬಿಡು. ಅಳಿಯನಿಗೆ ಅಡುಗೆ ಕಲಿಸುತ್ತಿದ್ದೀಯಂತೆ, ಒಳ್ಳೆಯದಾಯಿತು. ನನಗೆ ಕಲಿಸದೆ ಬಿಟ್ಟಿದ್ದರ ಫಲ ಇಲ್ಲಿ ಒಲೆಯ ಮೇಲಿದೆ. ದೊಡ್ಡ ಪಾತ್ರೆಯ ತಳ ಹಿಡಿಯಿತು, ನೆನೆಸಿಟ್ಟಿದ್ದೇನೆ. ನೀನು ಬರುವವರೆಗೂ ಅದು ನೆನೆಯುತ್ತಲೇ ಇರುತ್ತದೆ ಎಂದು ಕಾಣುತ್ತದೆ.

ದಿನವೂ ಫೋನು ಮಾಡುತ್ತೇನೆ, ‘ಇಲ್ಲಿ ಎಲ್ಲಾ ಚೆನ್ನಾಗಿದೆ’ ಎನ್ನುತ್ತೇನೆ, ಇಟ್ಟುಬಿಡುತ್ತೇನೆ. ಮೊನ್ನೆ ನೀನು, ‘ಯಾಕ್ರೀ, ದನಿ ಒಂಥರಾ ಇದೆ, ಶೀತಾನಾ’ ಎಂದು ಕೇಳಿದೆ. ಹೌದು, ಶೀತ ಎಂದೆ. ಶೀತವಲ್ಲ. ನೀನು ಫೋನನ್ನು ಸ್ಪೀಕರಿಗೆ ಹಾಕಿ ಮಗಳ ಹಾಸಿಗೆಯ ಮೇಲೆ ಇಟ್ಟಿರುತ್ತೀಯ. ಹೊಟ್ಟೆಯಲ್ಲಿರುವ ಕೂಸಿನ ಸಮೇತ ಮೂರು ಜೀವ ಕಿವಿಗೊಟ್ಟಿರುತ್ತವೆ. ನಾನು ಹೇಳಬೇಕಾದದ್ದು ಅಷ್ಟು ಜನರ ಮುಂದೆ ಹೇಳುವಂಥದ್ದಲ್ಲ. ಬೇರೆಯವರ ಬಾಯಿಂದ ನಿನ್ನ ಕಿವಿಗೆ ಬೀಳುವ ಮೊದಲು ನಾನೇ ಹೇಳಬೇಕು. ನನ್ನ ಕೆಲಸ ಹೋಗಿದೆ. ಗಾಬರಿಯಾಗಬೇಡ, ಅದು ಸಣ್ಣ ಸುದ್ದಿ. ನೀನು ನಮ್ಮ ಬೀದಿಯ ಮನೆಮನೆಗೂ ಕೊಟ್ಟ ಮಾತನ್ನು ನಾನು ಸುಳ್ಳು ಮಾಡಿದ್ದೇನೆ, ದೊಡ್ಡ ಸುದ್ದಿ ಅದು. ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಹೋಗಿ ನೀರು ಕುಡಿದು ಬಂದೆ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತಿದ್ದಾನೆ ಎಂದು ಬೇಸರಪಡಬೇಡ. ಮೊದಲಿನಿಂದ ಬರೆಯದೆ ಹೋದರೆ ನಡುವೆ ಎಲ್ಲೋ ನನಗೆ ಅನುಕೂಲವಾದದ್ದನ್ನಷ್ಟೇ ಬರೆದುಬಿಡುತ್ತೇನೆ. ಶಾಲೆಯ ಗೋಡೆಯ ಹಿಂದಿನ ಆ ಕಸದ ರಾಶಿ ನೆನಪಿದೆಯಲ್ಲ. ಇಲಿಗಳು ಹಗಲಲ್ಲೇ ಓಡಾಡುತ್ತಿದ್ದವು, ಮಕ್ಕಳು ಮೂಗು ಮುಚ್ಚಿಕೊಂಡು ಪಾಠ ಓದುತ್ತಿದ್ದರು. ಊರಿಗೆಲ್ಲ ಇಂಜೆಕ್ಷನ್ ಚುಚ್ಚಿ ನಿವೃತ್ತಿಯಾದ ನಮ್ಮ ನರ್ಸಮ್ಮ ಮೊದಲು ಒಬ್ಬರೇ ಸಹಿ ಸಂಗ್ರಹಿಸಿಕೊಂಡು ನಗರಸಭೆಗೆ ಅಲೆದರು. ಇವತ್ತು ಬಾ, ನಾಳೆ ಬಾ ಎಂದು ಅವರನ್ನು ಅಲೆಸಿದ್ದೂ ಆಯಿತು. ಕೊನೆಗೆ ಬೀದಿಯವರೆಲ್ಲ ಅವರವರ ಮನೆಯ ಕಸದ ಬುಟ್ಟಿ ಹೊತ್ತುಕೊಂಡು ಹೋಗಿ ಕಚೇರಿಯ ಮೆಟ್ಟಿಲ ಮೇಲೆ ಕುಳಿತರಲ್ಲ, ನೀನೂ ನಮ್ಮ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಅರ್ಜಿ ಮಾಡದ ಕೆಲಸವನ್ನು ಆ ದಿನ ವಾಸನೆ ಮಾಡಿತು. ರಾಶಿ ಎತ್ತಿದರು. ಹಸಿ ಕಸ ಒಂದು ಕಡೆ, ಒಣ ಕಸ ಒಂದು ಕಡೆ ಎಂದು ನಡುವೆ ತಗಡಿನ ಅಡ್ಡಗೋಡೆ ಹಾಕಿದ ಹೊಸ ಲಾರಿ ನಮ್ಮ ಬೀದಿಗೇ ಬಂತು. ಹಸಿಯದು ಗೊಬ್ಬರಕ್ಕೆ, ಒಣಗಿದ್ದು ವಿಂಗಡಣೆ ಶೆಡ್ಡಿಗೆ, ಅಲ್ಲಿಂದ ಮರುಬಳಕೆಗೆ. ಲಾರಿಯ ಚಾಲಕ ನಾನೇ. ಮೊದಲ ದಿನ ನೀನು ಬಾಗಿಲಲ್ಲಿ ನಿಂತು ನೋಡಿದ್ದನ್ನು ನಾನು ಮರೆತಿಲ್ಲ. ಕಸದ ಲಾರಿ ಓಡಿಸುವವನನ್ನು ಮದುಮಗನನ್ನು ನೋಡುವ ಹಾಗೆ ನೋಡಿದವಳು ಈ ಭೂಮಿಯ ಮೇಲೆ ನೀನೊಬ್ಬಳೇ.

ಆಮೇಲೆ ನೀನು ನರ್ಸಮ್ಮನ ಜೊತೆ ಮನೆಮನೆ ಸುತ್ತಿದೆ. ಹಾಲಿನ ಕವರು ತೊಳೆದು ಕೊಡಿ, ಗಾಜನ್ನು ಪೇಪರಿನಲ್ಲಿ ಸುತ್ತಿ ಕೊಡಿ, ಎರಡು ಬುಟ್ಟಿ ಇಡಿ ಎಂದು ಹೇಳಿ ಹೇಳಿ ನಿನ್ನ ಗಂಟಲು ಕಟ್ಟಿತ್ತು. ಮೂಲೆಯಂಗಡಿಯ ಗಡಿಯಾರ ರಿಪೇರಿಯವನು ನಿನ್ನನ್ನು ಕೇಳಿದನಂತೆ, ‘ಬೇರೆ ಮಾಡಿ ಏನು ಬಂತಮ್ಮಾ, ಕೊನೆಗೆ ಎಲ್ಲಾ ಹೋಗೋದು ಒಂದೇ ಗುಂಡಿಗೆ ತಾನೇ’ ಎಂದು. ನೀನು ಅವನಿಗೆ ಕೊಟ್ಟ ಉತ್ತರ ಬೀದಿಯಲ್ಲೆಲ್ಲ ಓಡಾಡಿತು. ‘ಲಾರಿ ಓಡಿಸೋರು ನಮ್ಮನೆಯವರೇ. ಅವರು ಬೆರೆಸಲ್ಲ. ಬೆರೆಸಿದರೆ ನನ್ನನ್ನ ಕೇಳಿ.’ ಆ ಮಾತಿನ ಮೇಲೆ ಎಷ್ಟೋ ಮನೆಗಳಲ್ಲಿ ಎರಡನೆಯ ಬುಟ್ಟಿ ಬಂತು.

ನೀನು ಆ ಮಾತು ಆಡಿದಾಗ ಅದು ನಿಜವೇ ಆಗಿತ್ತು. ಇದನ್ನು ನಂಬು. ಮೊದಮೊದಲು ನಾನು ಸರಿಯಾಗಿಯೇ ಸಾಗಿಸಿದೆ. ಒಣ ಕಸವನ್ನು ಶೆಡ್ಡಿನಲ್ಲಿ ಇಳಿಸಿ ಬರುವಾಗ ಏನೋ ಸಂತೋಷವಾಗುತ್ತಿತ್ತು. ಬೇಸಗೆ ಕಳೆಯುವ ಹೊತ್ತಿಗೆ ಶೆಡ್ಡಿನ ಯಂತ್ರ ಕೆಟ್ಟಿತು. ರಿಪೇರಿ ಆಗುತ್ತದೆ, ಆಗುತ್ತದೆ ಎಂದರು; ಅಲ್ಲಿ ಕೆಲಸ ಮಾಡುವವರನ್ನು ಒಬ್ಬೊಬ್ಬರನ್ನಾಗಿ ಬೇರೆ ಕಡೆ ಕಳಿಸಿದರು, ಆಮೇಲೆ ಬಾಗಿಲಿಗೆ ಬೀಗ ಬಿತ್ತು. ಒಂದು ಬೆಳಿಗ್ಗೆ ಹೋದರೆ ಲಾರಿಯ ಅಡ್ಡಗೋಡೆಯನ್ನೇ ಬಿಚ್ಚಿ ಗ್ಯಾರೇಜಿನ ಮೂಲೆಗೆ ಒರಗಿಸಿದ್ದರು. ಸೂಪರ್‌ವೈಸರನನ್ನು ಕೇಳಿದೆ. ‘ಜನ ಬೇರೆ ಮಾಡಿ ಕೊಡ್ತಾರೆ, ಕೊಡಲಿ. ನೀನು ತುಂಬಿಸ್ಕೊಂಡು ಹೋಗಿ ಕ್ವಾರೀಲಿ ಸುರಿ. ನಿನ್ನ ಕೆಲಸ ಓಡಿಸೋದು’ ಎಂದ. ಊರಾಚೆಯ ಹಳೆಯ ಕಲ್ಲುಕ್ವಾರಿ ಅದು. ಅಂದಿನಿಂದ ಎಲ್ಲವೂ ಒಂದೇ ಗುಂಡಿಗೆ. ಗಡಿಯಾರದವನು ಹೇಳಿದ ಹಾಗೇ.

ಒಂದು ಸಂಜೆ ನೀನು ಊಟಕ್ಕೆ ಬಡಿಸುತ್ತಾ, ‘ಶೆಡ್ಡು ಚೆನ್ನಾಗಿ ನಡೀತಿದೆಯಾ’ ಎಂದು ಕೇಳಿದೆ. ನಾನು ತಟ್ಟೆ ನೋಡಿಕೊಂಡು ‘ಹೂಂ’ ಎಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಬಾಯಲ್ಲಿ ತುತ್ತಿತ್ತು, ಮಾತು ಬೆಳೆಸುವುದು ಬೇಡವಾಗಿತ್ತು. ನಾಳೆ ಯಂತ್ರ ಸರಿಹೋದರೆ ಇದೂ ಸರಿಹೋಗುತ್ತದೆ ಎಂದುಕೊಂಡೆ. ನೀನು ಮರುದಿನ ಅದೇ ಧೈರ್ಯದ ಮೇಲೆ ಹಿಂದಿನ ಓಣಿಯ ಮನೆಗಳಿಗೂ ಹೊರಟೆ.

ದಿನಾ ಬೆಳಿಗ್ಗೆ ನನ್ನ ಪಾಡು ಕೇಳಬೇಡ. ಲಾರಿಯ ಗಂಟೆ ಬಾರಿಸುತ್ತಿದ್ದಂತೆ ಜನ ಬುಟ್ಟಿ ಹಿಡಿದು ಬಾಗಿಲಿಗೆ ಬರುತ್ತಿದ್ದರು. ಹಸಿರು ಗೇಟಿನ ಮನೆಯ ಅಜ್ಜಿ ಹಾಲಿನ ಕವರುಗಳನ್ನು ತೊಳೆದು, ಬಟ್ಟೆಯಲ್ಲಿ ಒರೆಸಿ, ಒಂದರ ಮೇಲೊಂದು ಜೋಡಿಸಿ ಕೊಡುತ್ತಿದ್ದಳು, ಅಗಸ ಇಸ್ತ್ರಿ ಮಾಡಿದ ಬಟ್ಟೆ ತಂದುಕೊಟ್ಟ ಹಾಗೆ. ಒಮ್ಮೆ ಹಸಿ ಬುಟ್ಟಿಯಲ್ಲಿ ಒಂದು ಹಳೆಯ ಪೆನ್ನು ಬಿದ್ದುಹೋಗಿತ್ತೆಂದು ಬೀದಿಯ ಅರ್ಧದವರೆಗೂ ಲಾರಿಯ ಹಿಂದೆ ಬಂದಳು. ‘ತಪ್ಪಾಯ್ತು ಕಣಪ್ಪ, ಕಣ್ಣು ಕಾಣ್ಸಲ್ಲ’ ಎಂದಳು. ‘ಪರವಾಗಿಲ್ಲಮ್ಮ’ ಎಂದೆ. ನೆಲ ಬಿರಿದು ಲಾರಿ ಸಮೇತ ನನ್ನನ್ನು ನುಂಗಬಾರದೇ ಅನ್ನಿಸಿತು. ಲಾರಿಯ ಒಳಗು ಯಾರ ಕಣ್ಣಿಗೂ ಬೀಳದ ಹಾಗೆ ಹಿಂದಿನ ಮುಚ್ಚಳವನ್ನು ಅರ್ಧ ಮಾತ್ರ ತೆಗೆಯುವುದನ್ನು ಅಭ್ಯಾಸ ಮಾಡಿಕೊಂಡೆ. ನನ್ನ ಜೊತೆ ಲಾರಿಯ ಹಿಂಬದಿಯಲ್ಲಿ ನಿಂತು ಬುಟ್ಟಿ ಇಸಿದುಕೊಳ್ಳುತ್ತಿದ್ದ ರೇಡಿಯೋ ಗೊತ್ತಲ್ಲ, ಬಾಯಿ ಮುಚ್ಚಿದರೆ ಉಸಿರು ಕಟ್ಟುತ್ತದೆ ಎನ್ನುವ ಹಾಗೆ ವಾರ್ತೆ ಓದುತ್ತಲೇ ಇರುವವನು, ಅವನು ಮಾತ್ರ ಈ ವಿಷಯದ ವಾರ್ತೆಯನ್ನು ಎಲ್ಲೂ ಓದಲಿಲ್ಲ. ನನ್ನ ಮುಖ ನೋಡಿ ಸುಮ್ಮನಿದ್ದ.

ನೀನು ಮಗಳ ಮನೆಗೆ ಹೊರಟ ಮೇಲೆ ನರ್ಸಮ್ಮನಿಗೆ ಒಂದು ಯೋಚನೆ ಬಂತು. ನಮ್ಮ ಕಸ ಎಲ್ಲಿಗೆ ಹೋಗುತ್ತದೆ ಎಂದು ಒಂದು ಸಲ ಎಲ್ಲರೂ ಕಣ್ಣಾರೆ ನೋಡಿಬರೋಣ, ಆಗ ಇನ್ನೂ ನಂಬದವರೂ ನಂಬುತ್ತಾರೆ ಎಂದರು. ಹೋಗಿ ಅನುಮತಿ ಕೇಳಿದರು. ನಗರಸಭೆಯವರು ‘ಬನ್ನಿ, ಸಂತೋಷ’ ಎಂದು ಒಂದು ವಾರದ ಮೇಲಿನ ದಿನ ಕೊಟ್ಟರು. ಆ ವಾರ ಶೆಡ್ಡಿನ ಬೀಗ ತೆಗೆದು, ನೆಲ ತೊಳೆದು, ಬಾಗಿಲಿಗೆ ಬಣ್ಣ ಬಳಿದರು. ಬೇರೆ ಊರಿನ ಯಾವುದೋ ಶೆಡ್ಡಿನಿಂದ ಅಚ್ಚುಕಟ್ಟಾಗಿ ಒತ್ತಿ ಕಟ್ಟಿದ ಪ್ಲಾಸ್ಟಿಕ್ ಬಾಟಲಿಗಳ ಮೂಟೆಗಳು ಬಂದು ಸಾಲಾಗಿ ಕುಳಿತವು. ಅವನ್ನು ತಂದವನೂ ನಾನೇ. ಹೆಣ್ಣು ನೋಡಲು ಬರುವವರಿಗೆ ಪಕ್ಕದ ಮನೆಯ ಒಡವೆ ಹಾಕಿ ಕೂರಿಸಿದ ಹಾಗಿತ್ತು ಆ ಶೆಡ್ಡು.

ಬೀದಿಯವರು ವ್ಯಾನಿನಲ್ಲಿ ಬಂದರು. ಮೂಟೆಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಹಸಿರು ಗೇಟಿನ ಅಜ್ಜಿ ಒಂದು ಮೂಟೆಯನ್ನು ಕೈಯಿಂದ ತಡವಿ, ‘ಇದರಲ್ಲಿ ನಮ್ಮನೇದೂ ಇರುತ್ತೆ ಅಲ್ವಾ’ ಎಂದಳು. ಸೂಪರ್‌ವೈಸರ್ ನನ್ನ ಹೆಗಲ ಮೇಲೆ ಕೈಹಾಕಿ ಮುಂದೆ ತಂದು, ‘ನಿಮ್ಮ ಬೀದಿಯ ಚಾಲಕರೇ ಇದ್ದಾರೆ, ಏನು ಬೇಕಾದರೂ ಕೇಳಿ’ ಎಂದ. ಕೇಳಿಬಿಟ್ಟಿದ್ದರೆ ಚೆನ್ನಾಗಿತ್ತು, ಆಗಲೇ ಬಾಯಿ ಬಿಡುತ್ತಿದ್ದೆನೋ ಏನೋ. ನರ್ಸಮ್ಮ ನಕ್ಕರು. ‘ಇವರನ್ನ ಕೇಳೋದೇನಿದೆ, ಇವರ ಮನೆಯವರ ಮಾತಿನ ಮೇಲೇ ಅಲ್ವಾ ನಾವೆಲ್ಲ ಇಷ್ಟು ಮಾಡಿದ್ದು’ ಎಂದು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಚಪ್ಪಾಳೆ ನಿನಗೆ, ನಿಂತಿದ್ದವನು ನಾನು. ಮರುದಿನವೇ ಶೆಡ್ಡಿಗೆ ಮತ್ತೆ ಬೀಗ ಬಿತ್ತು.

ಇನ್ನು ಬರೆಯಬೇಕಾದದ್ದು ಅದಕ್ಕಿಂತ ಕೆಟ್ಟದ್ದು. ಮುಂದಿನ ವಾರ ಒಂದು ಬೆಳಿಗ್ಗೆ ನರ್ಸಮ್ಮನ ಮನೆಯ ಮುಂದೆಯೇ ಲಾರಿ ತುಂಬಿಹೋಯಿತು, ಮುಚ್ಚಳ ಕೂರಲಿಲ್ಲ. ರೇಡಿಯೋ ಹತ್ತಿ ಕಸವನ್ನು ಕೈಯಿಂದ ಅದುಮಿದ. ಒಳಗೆಲ್ಲೋ ಒಡೆದ ಗಾಜಿತ್ತು. ಅಂಗೈ ಉದ್ದಕ್ಕೂ ಸೀಳಿ ರಕ್ತ ಮೊಣಕೈವರೆಗೂ ಇಳಿಯಿತು. ನರ್ಸಮ್ಮ ಚಪ್ಪಲಿಯನ್ನೂ ಮೆಟ್ಟದೆ ಓಡಿ ಬಂದು ಅವನನ್ನು ತಮ್ಮ ಮನೆಯ ಮೆಟ್ಟಿಲ ಮೇಲೆ ಕೂರಿಸಿ, ನಲ್ಲಿಯ ಪೈಪು ಎಳೆದು ಗಾಯ ತೊಳೆದರು. ತೊಳೆಯುತ್ತಾ ತೊಳೆಯುತ್ತಾ ಅವರ ಕೈ ನಿಧಾನವಾಯಿತು. ಗಾಯದೊಳಗಿಂದ ಗಾಜಿನ ಚೂರಿನ ಜೊತೆ ಟೀ ಚರಟ ಬಂತು, ಕೊಳೆತ ತರಕಾರಿಯ ಸಿಪ್ಪೆ ಬಂತು. ಅವರು ಅದನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿದರು. ಆಮೇಲೆ ನನ್ನನ್ನು ನೋಡಿದರು. ‘ಗಾಜು ಒಣ ಕಸ. ಅದರ ಜೊತೆ ಈ ಕೊಳೆತದ್ದು ಎಲ್ಲಿಂದ ಬಂತು ಡ್ರೈವರೇ?’

ಹೇಳಿಬಿಡಬಹುದಿತ್ತು. ಬೀದಿಯ ಅರ್ಧ ಜನ ಸುತ್ತ ನಿಂತಿದ್ದರು. ನಾನು ಏನು ಹೇಳಿದೆ ಗೊತ್ತಾ? ‘ಇವನೇ ಎಲ್ಲೋ ತಿಳೀದೆ ಒಂದೇ ಕಡೆ ಸುರಿದಿರಬೇಕಮ್ಮ. ಎಷ್ಟು ಸಲ ಹೇಳಿದ್ರೂ ಕೇಳಲ್ಲ’ ಎಂದೆ. ರಕ್ತ ಸುರಿಯುತ್ತಾ ಕೂತವನ ತಲೆಯ ಮೇಲೆ ಹಾಕಿದೆ. ಅದು ಭಯಕ್ಕೆ ಬಂದ ಮಾತೋ, ಇಷ್ಟು ದಿನ ಮುಚ್ಚಿಟ್ಟ ಅಭ್ಯಾಸಕ್ಕೆ ಬಂದ ಮಾತೋ, ಇವತ್ತಿಗೂ ನನಗೆ ತಿಳಿದಿಲ್ಲ. ರೇಡಿಯೋ ತಲೆಯೆತ್ತಿ ನನ್ನನ್ನು ನೋಡಿದ. ಅವನು ಬೈದಿದ್ದರೆ, ಕೂಗಾಡಿದ್ದರೆ, ನಾನೂ ನಾಲ್ಕು ಮಾತಾಡಿ ಬಿಸಿಯಲ್ಲಿ ಎಲ್ಲಾ ಹೊರಗೆ ಬರುತ್ತಿತ್ತೇನೋ. ಅವನು ತಲೆ ತಗ್ಗಿಸಿ ಕೈಯನ್ನು ಮತ್ತೆ ನೀರಿಗೆ ಹಿಡಿದ. ನರ್ಸಮ್ಮ ಬಿಗಿಯಾಗಿ ಪಟ್ಟಿ ಕಟ್ಟಿ, ಹೊಲಿಗೆ ಹಾಕಿಸಬೇಕು ಎಂದು ಆಸ್ಪತ್ರೆಗೆ ಕಳಿಸಿದರು. ಲಾರಿಯಲ್ಲೇ ಕರೆದೊಯ್ದೆ. ದಾರಿಯಲ್ಲಿ ನನ್ನ ಪಕ್ಕ ಕೈಯನ್ನು ಎದೆಗೆ ಒತ್ತಿಕೊಂಡು ಕೂತಿದ್ದವನು ಆಸ್ಪತ್ರೆಯ ಗೇಟು ಬಂದಾಗ ಒಂದೇ ಒಂದು ಮಾತು ಹೇಳಿದ. ‘ನಂಗೂ ಮನೇಲಿ ಮಕ್ಕಳಿದಾರೆ ಅಣ್ಣ.’

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತಾರಲ್ಲ, ಸೂಪರ್‌ವೈಸರನಿಗೆ ಬರೆ ಎಳೆಯಲು ಎಮ್ಮೆ ಸಿಕ್ಕಿತು. ಹುಡುಕಿಕೊಟ್ಟವನು ನಾನು. ರೇಡಿಯೋನ ಹೊಲಿಗೆ ಬಿಚ್ಚುವ ಮೊದಲೇ ಅವನಿಗೆ ಕೆಲಸಕ್ಕೆ ಬರಬೇಡ ಎಂದು ಹೇಳಿ ಕಳಿಸಿದರು. ಬೀದಿಯಲ್ಲಿ ಗುಸುಗುಸು ಎದ್ದಿತ್ತು, ಅದನ್ನು ತಣ್ಣಗೆ ಮಾಡಲು ನಗರಸಭೆಯ ಆರೋಗ್ಯಾಧಿಕಾರಿ ಸಂಜೆ ಗ್ರಂಥಾಲಯದ ಸಭಾಂಗಣಕ್ಕೆ ಬಂದರು. ಲಾರಿ ತೊಳೆಸಿ ಹೊರಗೆ ನಿಲ್ಲಿಸಿಕೊಂಡು ನಾನೂ ಯೂನಿಫಾರಂನಲ್ಲಿ ಕೊನೆಯ ಸಾಲಿನಲ್ಲಿ ಕೂರಬೇಕು, ಪಕ್ಕದಲ್ಲಿ ಸೂಪರ್‌ವೈಸರ್. ಅಧಿಕಾರಿ ಗಂಟಲು ಸರಿಮಾಡಿಕೊಂಡು, ವ್ಯವಸ್ಥೆಯಲ್ಲಿ ಯಾವ ಲೋಪವೂ ಇಲ್ಲ, ಕಸ ಬೆರೆಸುತ್ತಿದ್ದ ಒಬ್ಬ ಕಾರ್ಮಿಕನನ್ನು ಕೆಲಸದಿಂದ ತೆಗೆದಿದ್ದೇವೆ, ನಾಗರಿಕರು ನಿಶ್ಚಿಂತೆಯಿಂದ ಇರಬಹುದು ಎಂದರು. ಒಂದಿಬ್ಬರು ಚಪ್ಪಾಳೆಯನ್ನೂ ತಟ್ಟಿದರು. ನರ್ಸಮ್ಮ ಮಾತ್ರ ಕೈಕಟ್ಟಿ ಕೂತಿದ್ದರು. ಆಮೇಲೆ ಯಾರೋ ಎದ್ದು, ಈ ಒಳ್ಳೆಯ ಕೆಲಸಕ್ಕೆ ಮೊದಲಿನಿಂದ ದುಡಿದವರು ಎಂದು ಕೆಲವರ ಹೆಸರು ಹೇಳಿದರು. ಅದರಲ್ಲಿ ನಿನ್ನದೂ ಇತ್ತು.

ನಾನು ಎದ್ದು ನಿಂತೆ. ಸೂಪರ್‌ವೈಸರ್ ನನ್ನ ಅಂಗಿಯ ತುದಿ ಹಿಡಿದು ಎಳೆದ. ‘ಬೆರೆಸಿದ್ದು ಅವನಲ್ಲ’ ಎಂದೆ. ದನಿ ನನಗೇ ಕೇಳಿಸಲಿಲ್ಲ, ಮತ್ತೊಮ್ಮೆ ಹೇಳಿದೆ. ‘ಬೆರೆಸಿದ್ದು ಅವನಲ್ಲ. ಲಾರೀಲಿ ಖಾನೆಗಳೇ ಇಲ್ಲ. ಅಡ್ಡಗೋಡೆ ತೆಗೆದು ಬಹಳ ದಿನ ಆಯ್ತು. ಎಲ್ಲಾ ಕ್ವಾರಿಗೆ ಹೋಗ್ತಿದೆ. ಓಡಿಸಿದ್ದು ನಾನು. ಅವನ ಮೇಲೆ ಹಾಕಿದ್ದೂ ನಾನೇ.’ ಅಧಿಕಾರಿ, ಈತನಿಗೆ ಏನೋ ತಪ್ಪು ತಿಳಿವಳಿಕೆ ಆಗಿದೆ ಎಂದರು. ‘ಲಾರಿ ಹೊರಗಡೆ ನಿಂತಿದೆ, ನೋಡ್ಬಹುದು’ ಎಂದೆ.

ಎಲ್ಲರೂ ಹೊರಗೆ ಬಂದರು. ನಾನು ಮುಚ್ಚಳವನ್ನು ಪೂರ್ತಿ ತೆಗೆದೆ, ಎಷ್ಟೋ ದಿನಗಳ ಮೇಲೆ. ಗಡಿಯಾರದವನು ತನ್ನ ಸಣ್ಣ ಟಾರ್ಚು ಬಿಟ್ಟ. ಒಳಗೆ ಖಾಲಿ ಒಡಲು. ಎರಡು ಪಕ್ಕದಲ್ಲೂ ಬೋಲ್ಟು ಕಿತ್ತ ತೂತುಗಳು, ನಡುವೆ ಅಡ್ಡಗೋಡೆ ಇದ್ದ ಕಡೆ ತುಕ್ಕಿನ ಒಂದು ಗೆರೆ. ನರ್ಸಮ್ಮ ಒಂದು ತೂತಿನೊಳಗೆ ಬೆರಳಿಟ್ಟು ನೋಡಿದರು, ಗಾಯದ ಆಳ ನೋಡುವ ಹಾಗೆ. ನನ್ನನ್ನು ಬೈದರು, ಬೈಯಬೇಕಾದ್ದೇ. ಒಬ್ಬನಂತೂ ಕೊರಳಪಟ್ಟಿಗೇ ಕೈ ಹಾಕಿದ, ಪಕ್ಕದವರು ಬಿಡಿಸಿದರು. ಅದೆಲ್ಲ ನನಗೆ ಹಗುರವೇ ಆಯಿತು. ಆದರೆ ಹಸಿರು ಗೇಟಿನ ಅಜ್ಜಿ ಹತ್ತಿರ ಬಂದು, ಕೋಪವೇ ಇಲ್ಲದ ದನಿಯಲ್ಲಿ, ‘ಒರೆಸಿ ಒಣಗಿಸಿ ಕೊಡ್ತಿದ್ದೆನಲ್ಲಪ್ಪ’ ಎಂದಳು. ಇಷ್ಟೇ. ಈಗಲೂ ಅನ್ನದ ತಟ್ಟೆಯ ಮುಂದೆ ಕೂತರೆ ಆ ಮಾತು ಕೇಳಿಸುತ್ತದೆ.

ಗಡಿಯಾರದವನು ಟಾರ್ಚು ಆರಿಸಿ ನನ್ನನ್ನು ಕೇಳಿದ, ‘ನಿಮ್ಮ ಮನೆಯವರಿಗೂ ಗೊತ್ತಿತ್ತಾ?’ ನಾನು ಅಂದೆ, ‘ಇಲ್ಲ. ಅವಳಿಗೆ ಏನೂ ಗೊತ್ತಿಲ್ಲ. ಅವಳಿಗೂ ಸುಳ್ಳೇ ಹೇಳಿದೀನಿ. ಅವಳನ್ನ ಏನೂ ಅನ್ನಬೇಡಿ.’ ಸೂಪರ್‌ವೈಸರ್ ಅಲ್ಲೇ ಲಾರಿಯ ಕೀ ಇಸಿದುಕೊಂಡ. ನಾನು ನಡೆದುಕೊಂಡು ಮನೆಗೆ ಬಂದೆ. ಬರುವಾಗ ನರ್ಸಮ್ಮ ಹಿಂದಿನಿಂದ ಕರೆದರು. ಏನೋ ಸಮಾಧಾನದ ಮಾತು ಹೇಳುತ್ತಾರೆ ಎಂದು ಆಸೆಯಾಯಿತು, ನಾಚಿಕೆಗೇಡಿ ಮನಸ್ಸು ಅದನ್ನೂ ಬಯಸುತ್ತದೆ ನೋಡು. ಅವರು ಹೇಳಿದ್ದು ಇಷ್ಟು: ‘ನೀವು ಹೇಳಿದ್ದು ದೊಡ್ಡದು ಅಂತ ನಾನು ಹೊಗಳಲ್ಲ. ಇನ್ನೊಬ್ಬನ ಕೆಲಸ ಹೋದ ಮೇಲೆ ಹೇಳಿದ್ರಿ. ಆದ್ರೆ ಹೇಳಿದ್ದನ್ನ ನಾವು ವ್ಯರ್ಥ ಮಾಡಲ್ಲ.’

ವ್ಯರ್ಥ ಮಾಡಲಿಲ್ಲ. ಮರುದಿನದಿಂದ ಬೇರೆ ಲಾರಿ ಬಂತು, ಗಂಟೆ ಬಾರಿಸಿತು, ಒಬ್ಬರೂ ಬಾಗಿಲು ತೆಗೆಯಲಿಲ್ಲ. ಹಸಿ ಕಸವನ್ನು ಹಿತ್ತಿಲಲ್ಲಿ, ಕುಂಡದಲ್ಲಿ, ಡ್ರಮ್ಮಿನಲ್ಲಿ ಮಣ್ಣು ಮುಚ್ಚಿ ಇಟ್ಟುಕೊಂಡರು. ಒಣ ಕಸದ ಚೀಲಗಳನ್ನು ಹೊತ್ತೊಯ್ದು ಆರೋಗ್ಯಾಧಿಕಾರಿಯ ಕೋಣೆಯ ಹೊರಗೆ ಸಾಲಾಗಿ ಪೇರಿಸಿದರು. ಎಲ್ಲಾ ತೊಳೆದ ಕಸ, ಈ ಸಲ ವಾಸನೆಯೂ ಇಲ್ಲ, ದೂರಲಿಕ್ಕೆ ಅವರಿಗೆ ನೆಪವೂ ಇಲ್ಲ. ಕಚೇರಿಗೆ ಬಂದವರೆಲ್ಲ ‘ಇದೇನು’ ಎಂದು ಕೇಳುವುದು, ನಮ್ಮ ಬೀದಿಯವರು ಮೊದಲಿನಿಂದ ಕಥೆ ಹೇಳುವುದು. ಬೇರೆ ಬೀದಿಯವರೂ ಚೀಲ ತಂದು ಸೇರಿಸಿದರು. ಕಾರಿಡಾರಿನಲ್ಲಿ ಅಡ್ಡಡ್ಡ ನಡೆಯುವ ಹಾಗಾದಾಗ ಅಧಿಕಾರಿ ಮಾತಿಗೆ ಕೂತರು. ಅಡ್ಡಗೋಡೆ ಮತ್ತೆ ಹಾಕಬೇಕು, ಅದೂ ನಮ್ಮ ಕಣ್ಣ ಮುಂದೆ ಎಂದರು ನರ್ಸಮ್ಮ. ವೆಲ್ಡಿಂಗಿನವನು ಹಾಡುಹಗಲಲ್ಲಿ ನಮ್ಮ ಬೀದಿಯ ನಡುವೆ ಬಂದು ತಗಡು ಬೆಸೆದು ಹೋದ. ಕಿಡಿ ಹಾರುವುದನ್ನು ನಾನು ಕಿಟಕಿಯ ಪರದೆಯ ಸಂದಿಯಿಂದ ನೋಡಿದೆ. ಶೆಡ್ಡಿನ ಯಂತ್ರ ರಿಪೇರಿಯಾಗಿದೆ. ಬೀದಿಯವರು ಯಾವಾಗ ಬೇಕಾದರೂ ಹೇಳದೆ ಕೇಳದೆ ಒಳಗೆ ಹೋಗಿ ನೋಡಬಹುದು ಎಂದು ಒಪ್ಪಿದ್ದಾರೆ. ರೇಡಿಯೋನನ್ನು ವಾಪಸು ತೆಗೆದುಕೊಳ್ಳದೆ ಒಂದು ಚೀಲವನ್ನೂ ಎತ್ತುವುದಿಲ್ಲ ಎಂದು ನರ್ಸಮ್ಮ ಹಟ ಹಿಡಿದರು. ಅವನು ಈಗ ಶೆಡ್ಡಿನಲ್ಲಿ ವಿಂಗಡಿಸುವ ಕೆಲಸಕ್ಕಿದ್ದಾನೆ. ಅಂಗೈ ಕೂಡಿದೆ, ಒಂದು ಬೆರಳು ಮಾತ್ರ ಮಡಚುವುದಿಲ್ಲವಂತೆ.

ಅವನ ಮನೆಗೆ ಹೋಗಿದ್ದೆ. ಅವನ ಹೆಂಡತಿ ಬಾಗಿಲಲ್ಲೇ ನೀರು ಕೊಟ್ಟಳು, ‘ಮಲಗಿದಾರೆ’ ಎಂದಳು. ಒಳಕೋಣೆಯಿಂದ ಅವನು ಮಕ್ಕಳಿಗೆ ಏನೋ ಬಣ್ಣಿಸಿ ಬಣ್ಣಿಸಿ ಹೇಳುತ್ತಿರುವುದು, ಮಕ್ಕಳು ನಗುತ್ತಿರುವುದು ನನಗೆ ಚೆನ್ನಾಗಿ ಕೇಳಿಸುತ್ತಿತ್ತು. ಅವಳಿಗೂ ಗೊತ್ತು ನನಗೆ ಕೇಳಿಸುತ್ತಿದೆ ಎಂದು. ನೀರು ಕುಡಿದು ಲೋಟ ಕೊಟ್ಟು ಬಂದೆ. ಇನ್ನೊಮ್ಮೆ ಹೋಗುತ್ತೇನೆ. ಅವನು ಬಾಗಿಲಿಗೆ ಬರುವವರೆಗೂ ಹೋಗುತ್ತೇನೆ.

ನಾನು ಸದ್ಯಕ್ಕೆ ಪೀಠೋಪಕರಣದ ಅಂಗಡಿಯ ವ್ಯಾನು ಓಡಿಸುತ್ತಿದ್ದೇನೆ. ಮಂಚ, ಬೀರು, ಕುರ್ಚಿ. ನಾರುವುದಿಲ್ಲ, ಯಾರೂ ನನ್ನನ್ನು ನಂಬಿ ಏನನ್ನೂ ತೊಳೆದು ಕೊಡುವುದಿಲ್ಲ. ಅಂಗಡಿಯವನು ಕೆಲಸದಲ್ಲಿ ಇಟ್ಟುಕೊಳ್ಳುವ ಹಾಗಿದ್ದಾನೆ, ಅದಕ್ಕಾಗಿ ಚಿಂತೆ ಮಾಡಬೇಡ. ಬೀದಿಯಲ್ಲಿ ಯಾರೂ ಈಗ ಬೈಯುವುದಿಲ್ಲ. ನಾನೇ ಎದುರು ಬಂದವರನ್ನು ಕಂಡೂ ಕಾಣದ ಹಾಗೆ ರಸ್ತೆ ದಾಟಿಬಿಡುತ್ತೇನೆ. ಬೆಳಿಗ್ಗೆ ಲಾರಿಯ ಗಂಟೆ ಕೇಳಿದರೆ ಒಳಗೇ ಇದ್ದುಬಿಡುತ್ತೇನೆ. ಮಗಳಿಗೆ ಇದನ್ನೆಲ್ಲ ಈಗಲೇ ಹೇಳಬೇಡ, ಹೆರಿಗೆಯಾಗಲಿ. ಆಮೇಲೆ ನಾನೇ ಹೇಳುತ್ತೇನೆ. ಅಪ್ಪ ಎಂಥವನು ಎಂದು ಅವಳು ಬೇರೆಯವರಿಂದ ತಿಳಿಯಬಾರದು. ಅವಳ ತಲೆ ಸವರಿ ನನ್ನ ಆಶೀರ್ವಾದ ಹೇಳು. ಒಳಗಿರುವ ಪುಟ್ಟ ಯಜಮಾನರಿಗೋ ಯಜಮಾನತಿಗೋ, ಸುಖವಾಗಿ, ಅಮ್ಮನಿಗೆ ಹೆಚ್ಚು ತೊಂದರೆ ಕೊಡದೆ ಬರಲಿ ಎಂದು ತಾತ ಹೇಳಿದ್ದಾನೆ ಎನ್ನು. ಅಳಿಯನಿಗೆ ನನ್ನ ಪ್ರೀತಿ. ನಿನ್ನ ಆರೋಗ್ಯ ನೋಡಿಕೋ.

ನಿನ್ನ,
ಮನೆಯವರು

ತಾ.ಕ.: ಅಂಚೆಯಣ್ಣ ಡಬ್ಬ ತೆರೆಯುವ ಹೊತ್ತಾಯಿತು, ಬೇಗ ಬೇಗ ಬರೆಯುತ್ತಿ­ದ್ದೇನೆ. ನೀನು ಹೋದ ಮೇಲೆ ಮನೆಯ ಕಸವನ್ನೆಲ್ಲ ಒಂದೇ ಚೀಲಕ್ಕೆ ತುಂಬಿ ನಾನೇ ಲಾರಿಗೆ ಎಸೆಯುತ್ತಿದ್ದೆ. ಇವತ್ತು ಬೆಳಿಗ್ಗೆ, ಇನ್ನಾದರೂ ಎಲ್ಲರ ಹಾಗೆ ಬೇರೆ ಮಾಡೋಣ ಎಂದು ನಮ್ಮ ಒಣ ಕಸದ ಬುಟ್ಟಿ ಹುಡುಕಿದೆ. ಸಿಂಕಿನ ಕೆಳಗೆ ಇರಲಿಲ್ಲ. ಉಗ್ರಾಣದ ಮೂಲೆಯಲ್ಲಿತ್ತು, ತುಂಬ ಈರುಳ್ಳಿ. ಕೆಳಗಿನವು ಮೊಳಕೆ ಒಡೆದಿದ್ದವು. ನೀನು ಊರಿಗೆ ಹೋಗುವ ಎಷ್ಟೋ ಮೊದಲೇ ಕಸ ಬೇರೆ ಮಾಡುವುದನ್ನು ಬಿಟ್ಟು ಅದನ್ನು ಅಲ್ಲಿ ಇಟ್ಟಿದ್ದೀಯ. ಮಂಡಿನೋವು ಎಂದು ಮನೆಮನೆ ಸುತ್ತುವುದನ್ನು ನೀನು ಬಿಟ್ಟದ್ದೂ ಆ ದಿನಗಳಲ್ಲೇ. ಅದೇ ಮಂಡಿಯಲ್ಲಿ ಏಣಿ ಹತ್ತಿ ಅಟ್ಟದಿಂದ ಪೆಟ್ಟಿಗೆ ಇಳಿಸಿದ್ದೆ. ನಿನಗೆ ಯಾವಾಗ ಗೊತ್ತಾಯಿತು? ಗೊತ್ತಾದ ಮೇಲೂ ಎಷ್ಟು ದಿನ ನನ್ನನ್ನು ಏನೂ ಕೇಳದೆ ಬಡಿಸಿದೆ? ಶೆಡ್ಡಿನ ಮೇಲೆ ಕಣ್ಣಿಡುವ ಗುಂಪಿಗೆ ನರ್ಸಮ್ಮ ನಿನ್ನನ್ನು ಸೇರಿಸಿಕೊಳ್ಳಬೇಕೆಂದಿದ್ದಾರೆ, ನೀನು ಬಂದ ಮೇಲೆ ಕೇಳುತ್ತಾರಂತೆ. ಆ ಸಂಜೆ ಅಷ್ಟು ಜನರ ಮುಂದೆ ನಾನು ತಲೆಯೆತ್ತಿ ಹೇಳಿದ ಮಾತು ಒಂದೇ, ನಿನಗೆ ಗೊತ್ತಿಲ್ಲ ಎಂದು. ಅದೂ ಸುಳ್ಳಾದರೆ ಆಗಲಿ. ನನ್ನ ಮಾನ ಕಾಯಲು ನೀನು ‘ನನಗೆ ಗೊತ್ತಿರಲಿಲ್ಲ’ ಎಂದು ಅದನ್ನು ನಿಜ ಮಾಡಬೇಡ. ನೀನು ಬಾ, ನರ್ಸಮ್ಮನ ಬಾಗಿಲಿಗೆ ಇಬ್ಬರೂ ಹೋಗೋಣ.